ಗೇರ್ ಹಾಕುವುದು ಕಿವಿಯಿಂದ: ಹಳೇ ಲಾರಿ ಓಡಿಸಲು ಕಲಿಯುವ ಬಗೆ

ಹಳೇ ಲಾರಿಯ ನೆನಪು ಮೊದಲು ಬರುವುದು ಕಿವಿಗೆ. ಎರಡನೇ ಗೇರಿನಲ್ಲಿ ಏರು ಹತ್ತುವಾಗಿನ ಉದ್ದನೆಯ ಗುಂಯ್ ಸದ್ದು, ಗೇರ್ ಬದಲಿಸುವ ನಡುವೆ ಎಂಜಿನ್ ಉಸಿರು ಬಿಟ್ಟಂಥ ಬಿಡುವು, ಬ್ರೇಕ್ ಬಿಟ್ಟಾಗಿನ ಪುಸ್ಸ್. ಇವು ಯಾವುವೂ ಅಲಂಕಾರಕ್ಕೆ ಬಂದವಲ್ಲ. ಗುಂಯ್ ಅನ್ನುವುದು ನೇರ ಹಲ್ಲಿನ ಗೇರುಗಳ ಸದ್ದು. ನಡುವಿನ ಬಿಡುವು ಡಬಲ್ ಕ್ಲಚ್ಚಿನದು, ಅಂದರೆ ಒಂದು ಗೇರ್ ಬದಲಿಸಲು ಎರಡು ಸಲ ಕ್ಲಚ್ ತುಳಿಯುವುದರದು. ಪುಸ್ಸ್ ಅನ್ನುವುದು ಬ್ರೇಕ್ ಚೇಂಬರಿನಿಂದ ಹೊರಬೀಳುವ ಗಾಳಿ. ಹಾದಿಯಲ್ಲಿ ನಿಂತು ಕೇಳಿದವರಿಗೆ ಅದು ಸಂಗೀತ. ಸ್ಟೇರಿಂಗ್ ಹಿಂದೆ ಕೂತವರಿಗೆ ಅದೇ ಮೀಟರು.

ಇವತ್ತಿನ ಗಾಡಿ ಚೆನ್ನಾಗಿ ಓಡಿಸುವವರೂ 1950ರ, 60ರ ದಶಕದ ಲಾರಿ ಹತ್ತಿದ ಮೊದಲ ದಿನ ತಡಬಡಾಯಿಸುತ್ತಾರೆ. ಅದಕ್ಕೆ ತೋಳಿನ ಬಲ ಸಾಲದಿರುವುದು ಕಾರಣವಲ್ಲ. ಇವತ್ತಿನ ಗಾಡಿ ತಾನಾಗಿಯೇ ಮಾಡಿಕೊಳ್ಳುವ ನಾಲ್ಕೈದು ಕೆಲಸಗಳನ್ನು ಇಲ್ಲಿ ನೀವೇ ಮಾಡಬೇಕು, ಅದೂ ಸರಿಯಾದ ಹೊತ್ತಿಗೆ.

ಹತ್ತುವ ಮೊದಲು

ಎಣ್ಣೆ, ನೀರು, ಬೆಲ್ಟ್ ನೋಡುವುದು ಎಲ್ಲರಿಗೂ ಗೊತ್ತು. ಫ್ಯಾನ್ ಬೆಲ್ಟನ್ನು ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಲ್ಲಿ ಒತ್ತಿದರೆ ಸುಮಾರು 12 ಮಿ.ಮೀ. ಬಗ್ಗಬೇಕು. ಅದಕ್ಕಿಂತ ಸಡಿಲವಿದ್ದರೆ ಏರಿನಲ್ಲಿ ನೀರು ಕುದಿಯುತ್ತದೆ, ಬಿಗಿಯಿದ್ದರೆ ವಾಟರ್ ಪಂಪಿನ ಬೇರಿಂಗ್ ಹೋಗುತ್ತದೆ. ಹೆಚ್ಚಿನವರು ನೋಡದೆ ಬಿಡುವುದು ಟೈರು ಮತ್ತು ಚಕ್ರವನ್ನು.

ನಿಲ್ಲಿಸಿಟ್ಟ ಹಳೇ ಲಾರಿಯ ಟೈರಿನಲ್ಲಿ ಗುಂಡಿ (ನೆಲ ಹಿಡಿಯುವ ಮೇಲ್ಮೈಯ ಗೀರು) ಪೂರ್ತಿ ಇರುತ್ತದೆ, ಪಕ್ಕದ ರಬ್ಬರು ಮಾತ್ರ ಸತ್ತಿರುತ್ತದೆ. ಪಕ್ಕದಲ್ಲೂ ಗುಂಡಿಯ ತಳದಲ್ಲೂ ಕೂದಲೆಳೆಯ ಬಿರುಕು ಕಂಡರೆ ಆ ಟೈರು ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿಕೊಳ್ಳಲು ಲಾಯಕ್ಕು, ಓಡಿಸಲು ಅಲ್ಲ. ಟ್ಯೂಬ್ ಹಾಕುವ 7.50-20, 8.25-20, 9.00-20 ಅಳತೆಯ ಚಕ್ರಗಳಲ್ಲಿ ರಿಮ್ ಒಂದೇ ತುಂಡಲ್ಲ. ಟೈರನ್ನು ಹಿಡಿದಿಡುವುದು ಅಂಚಿನ ಲಾಕ್ ರಿಂಗ್. ಆ ರಿಂಗು ತುಕ್ಕು ಹಿಡಿದಿದ್ದರೆ, ಕಚ್ಚಿನಲ್ಲಿ ಸರಿಯಾಗಿ ಕೂರದಿದ್ದರೆ, ಗಾಳಿ ತುಂಬುವಾಗ ಗುಂಡಿನಂತೆ ಹಾರುತ್ತದೆ. ಆಳು ಸಾಯುವಷ್ಟು ಬಲ ಅದಕ್ಕಿದೆ. ಕಬ್ಬಿಣದ ಪಂಜರದೊಳಗೆ ಚಕ್ರವಿಟ್ಟು, ಉದ್ದ ಪೈಪಿನಲ್ಲಿ, ರಿಂಗಿನ ಎದುರು ನಿಲ್ಲದೆ ಪಕ್ಕಕ್ಕೆ ಸರಿದು ಗಾಳಿ ತುಂಬಬೇಕು. ಪೂರ್ತಿ ಗಾಳಿ ಹೋದ ಚಕ್ರಕ್ಕೆ ಗಾಡಿಯಲ್ಲಿರುವಂತೆಯೇ ಗಾಳಿ ತುಂಬಬೇಡಿ. ಬಿಚ್ಚಿ, ರಿಂಗು ನೋಡಿ, ಆಮೇಲೆ ತುಂಬಿ.

ಇನ್ನೊಂದು ಮಾತು: ಬಹಳಷ್ಟು ಹಳೇ ಲಾರಿಗಳಲ್ಲಿ ಎಡಗಡೆಯ ಚಕ್ರದ ನಟ್ಟುಗಳು ಎಡಮರೆ, ಅಂದರೆ ಮಾಮೂಲಿಗೆ ತಿರುಗುಮುರುಗಾಗಿ ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತವೆ. ಬಿಚ್ಚಲು ಹೋಗಿ ಇನ್ನಷ್ಟು ಬಿಗಿದು ಸ್ಟಡ್ ಮುರಿದುಕೊಳ್ಳುವುದು ಹೊಸಬರ ಮಾಮೂಲಿ ತಪ್ಪು. ಸ್ಟಡ್ಡಿನ ತುದಿಯಲ್ಲಿ ಗುರುತಿದೆಯೇ ನೋಡಿ. ಇಲ್ಲದಿದ್ದರೆ ಮರೆ ಯಾವ ಕಡೆ ಸುತ್ತಿದೆ ಎಂದು ಕಣ್ಣಾರೆ ನೋಡಿ, ಆಮೇಲೆ ಪಾನಾ ಹಾಕಿ.

ಎಂಜಿನ್ ಎಬ್ಬಿಸಿದ ಮೇಲೆ ಕಾಯುವುದು

ಡೀಸೆಲ್ ಎಂಜಿನ್ನಿಗೆ ಕೀ ತಿರುಗಿಸಿದರೆ ಸಾಲದು. ಡ್ಯಾಶಿನ ಕೆಳಗೆ, ಎಳೆದರೆ ಡೀಸೆಲ್ ಕಡಿದು ಎಂಜಿನ್ ನಿಲ್ಲಿಸುವ ‘ಸ್ಟಾಪ್’ ಎಳೆಗುಬ್ಬಿ ಇರುತ್ತದೆ. ಅದು ಪೂರ್ತಿ ಒಳಗೆ ಹೋಗಿರಬೇಕು. ಎಷ್ಟು ಸೆಲ್ಫ್ ಹೊಡೆದರೂ ಎಂಜಿನ್ ಹತ್ತದಿದ್ದರೆ ಮೊದಲು ಅದನ್ನೇ ನೋಡಿ, ಆಮೇಲೆ ಬ್ಯಾಟರಿಯನ್ನು ಬಯ್ಯಿರಿ. ಅದೂ ಸರಿಯಿದ್ದರೆ ಡೀಸೆಲ್ ಲೈನಿನಲ್ಲಿ ಗಾಳಿ ಸೇರಿರಬಹುದು. ಫಿಲ್ಟರಿನ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಫೀಡ್ ಪಂಪಿನ ಕೈಗುಬ್ಬಿ ಒತ್ತುತ್ತಾ ಹೋಗಿ. ಮೊದಲು ನೊರೆ ಬರುತ್ತದೆ. ನೊರೆ ನಿಂತು ಗಟ್ಟಿ ಧಾರೆ ಬಂದಮೇಲೆ, ಧಾರೆ ಬೀಳುತ್ತಿರುವಾಗಲೇ ಸ್ಕ್ರೂ ಬಿಗಿಯಬೇಕು. ಆಮೇಲೆ ಇಂಜೆಕ್ಷನ್ ಪಂಪಿನ ಸ್ಕ್ರೂವಿಗೂ ಅಷ್ಟನ್ನೇ ಮಾಡಿ.

ಗಾಳಿ ಬ್ರೇಕಿನ ಲಾರಿಯಾದರೆ ಇಲ್ಲಿ ಅವಸರ ಬೇಡ. ಗೇಜಿನ ಮುಳ್ಳು 60 ಪಿಎಸ್‌ಐ ದಾಟುವವರೆಗೆ ಎಚ್ಚರಿಕೆಯ ದೀಪವೋ ಬಜರೋ ಬಿಡುವುದಿಲ್ಲ. ಅದು ಆರಿದ ಕೂಡಲೇ ಹೊರಡುವುದೂ ಸರಿಯಲ್ಲ. ಮುಳ್ಳು 100ರ ಆಸುಪಾಸು ಹೋಗಿ, ಗಾಳಿ ತುಂಬುವುದನ್ನು ನಿಲ್ಲಿಸುವ ಕಂಪ್ರೆಸರಿನ ಗವರ್ನರ್ ‘ಟಪ್’ ಎಂದು ಕಡಿಯುವವರೆಗೆ ಕಾಯಿರಿ. ಎಂಜಿನ್ನನ್ನು ಸ್ವಲ್ಪ ಏರಿಸಿಟ್ಟರೆ 50ರಿಂದ 90ಕ್ಕೆ ಏರಲು ಮೂರು ನಿಮಿಷಕ್ಕಿಂತ ಹೆಚ್ಚು ಹಿಡಿಯಬಾರದು. ಹಿಡಿದರೆ ಕಂಪ್ರೆಸರ್ ಸೋತಿದೆ, ಇಲ್ಲವೇ ಗಾಳಿ ಎಲ್ಲೋ ಸೋರುತ್ತಿದೆ. ಪೂರ್ತಿ ತುಂಬಿದ ಮೇಲೆ ಎಂಜಿನ್ ನಿಲ್ಲಿಸಿ, ಚಕ್ರಕ್ಕೆ ಅಡ್ಡ ಕೊಟ್ಟು, ಬ್ರೇಕ್ ಒಂದು ನಿಮಿಷ ತುಳಿದು ಹಿಡಿಯಿರಿ. ಟ್ರೇಲರ್ ಇಲ್ಲದ ಒಂಟಿ ಲಾರಿಯಲ್ಲಿ ಮುಳ್ಳು 3 ಪಿಎಸ್‌ಐಗಿಂತ ಹೆಚ್ಚು ಇಳಿದರೆ ಆ ಗಾಡಿ ಈವತ್ತು ಹೊರಡುವಂತಿಲ್ಲ.

ಇಷ್ಟೊಂದು ಕಟ್ಟುನಿಟ್ಟು ಯಾಕೆಂದರೆ, ಇವತ್ತಿನ ಲಾರಿಯಲ್ಲಿ ಗಾಳಿ ಹೋದರೆ ಸ್ಪ್ರಿಂಗ್ ತಾನಾಗಿ ಬ್ರೇಕ್ ಹಿಡಿಯುತ್ತದೆ. ಹಳೆಯದರಲ್ಲಿ ಆ ಸ್ಪ್ರಿಂಗೇ ಇಲ್ಲ. ಗಾಳಿ ಹೋದರೆ ಬ್ರೇಕೂ ಹೋಯಿತು. ನಿರ್ವಾತದ ಸಹಾಯ ಇರುವ ಹೈಡ್ರಾಲಿಕ್ ಬ್ರೇಕಿನ ಲಾರಿಗಳ ಕಥೆ ಬೇರೆ: ಎಂಜಿನ್ ನಿಂತ ಮೇಲೂ ಒಂದೆರಡು ಸಲ ಪೆಡಲ್ ಮೆತ್ತಗಿರುತ್ತದೆ, ಆಮೇಲೆ ಕಲ್ಲಾಗುತ್ತದೆ. ಬ್ರೇಕ್ ಆಗಲೂ ಇದೆ, ಆದರೆ ಎರಡೂ ಕಾಲಲ್ಲಿ ತುಳಿಯುವಷ್ಟು ಬಲ ಬೇಕು. ಆದ್ದರಿಂದ ಎಂಜಿನ್ ಆರಿಸಿ ಇಳಿಜಾರಿನಲ್ಲಿ ಗಾಡಿ ಬಿಡುವ ‘ಉಳಿತಾಯ’ ಎರಡು ಬಗೆಯ ಗಾಡಿಗೂ ಆಗದು.

ಕೈಬ್ರೇಕಿನ ಮೇಲೂ ಪೂರ್ತಿ ನಂಬಿಕೆ ಇಡಬೇಡಿ. ಅನೇಕ ಹಳೇ ಲಾರಿಗಳಲ್ಲಿ ಅದು ಚಕ್ರವನ್ನು ಹಿಡಿಯುವುದೇ ಇಲ್ಲ, ಗೇರ್ ಬಾಕ್ಸಿನ ಹಿಂದಿರುವ ಡ್ರಮ್ಮಿನಲ್ಲಿ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಒಂದು ಚಕ್ರವನ್ನು ಜಾಕಿನಲ್ಲಿ ಎತ್ತಿದರೆ ಡಿಫರೆನ್ಷಿಯಲ್‌ನಿಂದಾಗಿ ಎತ್ತಿದ ಚಕ್ರ ಹಿಂದಕ್ಕೆ ತಿರುಗುತ್ತದೆ, ನೆಲದ ಮೇಲಿನ ಚಕ್ರ ಮುಂದಕ್ಕೆ ಉರುಳುತ್ತದೆ, ಶಾಫ್ಟ್ ಮಾತ್ರ ನಿಂತಲ್ಲೇ ನಿಂತಿರುತ್ತದೆ. ಆಕ್ಸಲ್ ಶಾಫ್ಟ್ ಮುರಿದಾಗಲೂ ಹೀಗೇ. ಓಡುತ್ತಿರುವಾಗ ಈ ಕೈಬ್ರೇಕ್ ಎಳೆದರೆ ಶಾಫ್ಟಿನ ಜಾಯಿಂಟ್ ಮುರಿಯಬಹುದು. ಅದು ನಿಂತ ಗಾಡಿಗೆ, ಅದೂ ಅಡ್ಡ ಕೊಟ್ಟ ಗಾಡಿಗೆ.

ಡಬಲ್ ಕ್ಲಚ್

ಗೇರ್ ಬಾಕ್ಸಿನೊಳಗೆ ಎರಡು ಲೋಕಗಳಿವೆ. ಹಿಂದಿನ ಶಾಫ್ಟ್ ಸದಾ ಚಕ್ರದ ಜೊತೆ ತಿರುಗುತ್ತದೆ. ಮುಂದಿನದೂ ಅದರ ಕೆಳಗಿನ ಲೇ ಶಾಫ್ಟೂ ಕ್ಲಚ್ ಬಿಟ್ಟಿರುವಾಗ ಎಂಜಿನ್ ಜೊತೆ ತಿರುಗುತ್ತವೆ. ಇವೆರಡರ ವೇಗ ಸಮನಾದಾಗ ಮಾತ್ರ ಹಲ್ಲಿಗೆ ಹಲ್ಲು ಕೂರುತ್ತದೆ. ಸಿಂಕ್ರೊಮೆಶ್ ಇರುವ ಬಾಕ್ಸಿನಲ್ಲಿ ಹಿತ್ತಾಳೆಯಂಥ ಲೋಹದ ಉಂಗುರವೊಂದು ತಾನೇ ಉಜ್ಜಿ ವೇಗ ಸಮ ಮಾಡುತ್ತದೆ. 1928ರಲ್ಲಿ ಕ್ಯಾಡಿಲಾಕ್ ಕಾರಿಗೆ ಅದು ಬಂತು. ಭಾರದ ಲಾರಿಗಳು ಮಾತ್ರ ಎಷ್ಟೋ ದಶಕ ಅದಿಲ್ಲದೆಯೇ ಓಡಿದವು. ಆ ಉಂಗುರದ ಕೆಲಸವನ್ನು ಈಗ ನಿಮ್ಮ ಬಲಗಾಲು ಮಾಡಬೇಕು.

ಮೇಲಿನ ಗೇರಿಗೆ ಹೋಗುವಾಗ:

1. ಆಕ್ಸಿಲರೇಟರ್ ಬಿಡಿ, ಕ್ಲಚ್ ತುಳಿಯಿರಿ, ಗೇರನ್ನು ನ್ಯೂಟ್ರಲ್‌ಗೆ ತನ್ನಿ.
2. ನ್ಯೂಟ್ರಲ್‌ನಲ್ಲೇ ಕ್ಲಚ್ ಪೂರ್ತಿ ಬಿಡಿ. ಎಂಜಿನ್ನಿನ ವೇಗ ಇಳಿಯಲಿ, ಅದರ ಜೊತೆ ಲೇ ಶಾಫ್ಟೂ ನಿಧಾನವಾಗಲಿ.
3. ಸದ್ದು ಮುಂದಿನ ಗೇರಿಗೆ ತಕ್ಕಷ್ಟು ಇಳಿದಾಗ ಮತ್ತೆ ಕ್ಲಚ್ ತುಳಿದು ಗೇರ್ ಹಾಕಿ.

ತಕ್ಕಷ್ಟು ಎಂದರೆ ಎಷ್ಟು? ಹಳೇ ವೇಗವನ್ನು ಹೊಸ ಗೇರಿನ ಅನುಪಾತದಿಂದ ಗುಣಿಸಿ, ಹಳೇ ಗೇರಿನ ಅನುಪಾತದಿಂದ ಭಾಗಿಸಿ. ನಾಲ್ಕನೇ ಗೇರು 1.5, ಐದನೆಯದು 1 ಎಂದಿಟ್ಟುಕೊಳ್ಳಿ. ನಾಲ್ಕರಲ್ಲಿ 2,100 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ನಿನ ಸುತ್ತು) ಇದ್ದಾಗ ಬದಲಿಸಿದರೆ ಐದು ಕೂರುವುದು 1,400ರಲ್ಲಿ. ಗಾಡಿಯ ಕೈಪಿಡಿಯಿಂದ ಎಲ್ಲ ಗೇರಿನ ಅನುಪಾತ ಬರೆದುಕೊಂಡು ಒಂದು ಸಲ ಈ ಲೆಕ್ಕ ಹಾಕಿಡುವುದು ಒಳ್ಳೆಯದು. ಎಲ್ಲ ಗೇರುಗಳ ನಡುವಿನ ಅಂತರ ಒಂದೇ ಇರುವುದಿಲ್ಲ: ಕೆಳಗಿನ ಗೇರುಗಳ ನಡುವೆ ದೊಡ್ಡ ಜಿಗಿತ, ಹೆಚ್ಚು ಕಾಯಬೇಕು, ಮೇಲಿನವುಗಳ ನಡುವೆ ಚಿಕ್ಕದು. ಬಹುಪಾಲು ಹಳೇ ಲಾರಿಗಳಲ್ಲಿ ಆರ್‌ಪಿಎಂ ಮೀಟರೇ ಇಲ್ಲ, ಹಾಗಾಗಿ ಕೊನೆಗೆ ಎಲ್ಲವೂ ಕಿವಿಗೇ ಬರುತ್ತದೆ.

ಇಳಿಸುವುದು ಇದಕ್ಕಿಂತ ಕಷ್ಟ. ಇಲ್ಲಿ ಕಾದು ಕೂತರೆ ಆಗದು, ವೇಗ ಏರಿಸಬೇಕು. ಕ್ಲಚ್ ತುಳಿದು ನ್ಯೂಟ್ರಲ್, ಕ್ಲಚ್ ಬಿಟ್ಟು ಆಕ್ಸಿಲರೇಟರಿಗೆ ಒಂದು ಗಟ್ಟಿ ಒತ್ತು, ತಕ್ಷಣ ಕ್ಲಚ್ ತುಳಿದು ಕೆಳಗಿನ ಗೇರು. ಮೇಲಿನ ಲೆಕ್ಕದ ಪ್ರಕಾರ ಐದರಲ್ಲಿ 1,200 ಇದ್ದರೆ ನಾಲ್ಕಕ್ಕೆ 1,800 ಬೇಕು. ಏರಿನಲ್ಲಿ ಗಾಡಿ ಪ್ರತಿ ಕ್ಷಣವೂ ನಿಧಾನವಾಗುತ್ತಿರುತ್ತದೆ, ಆದ್ದರಿಂದ ಲೆಕ್ಕಕ್ಕಿಂತ ಚೂರು ಕಡಿಮೆ ಏರಿಸಿದರೂ ಕೂರುತ್ತದೆ. ಹೊಸಬರು ಎಡವುವುದು ಒಂದೇ ಕಡೆ: ಒತ್ತು ಕೊಡುವಾಗ ಕ್ಲಚ್ ಇನ್ನೂ ಒಳಗೇ ಇರುತ್ತದೆ. ಹಾಗಾದರೆ ಎಂಜಿನ್ ಒಂದೇ ಕೂಗಾಡುತ್ತದೆ, ಲೇ ಶಾಫ್ಟಿಗೆ ಸುದ್ದಿಯೇ ಹೋಗುವುದಿಲ್ಲ.

ಗೇರ್ ಕಿರುಚಿದರೆ ಬಲ ಹಾಕಬೇಡಿ. ಕಡ್ಡಿಯನ್ನು ಮುಷ್ಟಿಯಲ್ಲಿ ಹಿಡಿಯದೆ ಅಂಗೈಯಲ್ಲಿ ಮೆತ್ತಗೆ ಒತ್ತಿ ಹಿಡಿದಿದ್ದರೆ, ವೇಗ ಸಮನಾದ ಕ್ಷಣ ಅದು ತಾನಾಗಿಯೇ ಜಾರಿ ಬೀಳುತ್ತದೆ. ತೀರಾ ತಡವಾಗಿ ಎಂಜಿನ್ನಿನ ವೇಗ ಬಿದ್ದೇ ಹೋದರೆ ನ್ಯೂಟ್ರಲ್‌ಗೆ ಮರಳಿ, ಕ್ಲಚ್ ಬಿಟ್ಟು, ಸ್ವಲ್ಪ ಏರಿಸಿ, ಮತ್ತೆ ಪ್ರಯತ್ನಿಸಿ. ಬೆಳಿಗ್ಗೆ ಗೇರ್ ಎಣ್ಣೆ ತಣ್ಣಗೆ ದಪ್ಪಗಿರುತ್ತದೆ. ಆಗ ಲೇ ಶಾಫ್ಟ್ ಬೇಗ ನಿಲ್ಲುತ್ತದೆ, ಬದಲಾವಣೆ ಚುರುಕಾಗಬೇಕು. ಗಂಟೆಗಟ್ಟಲೆ ಓಡಿ ಬಿಸಿಯಾದ ಮೇಲೆ ಅದೇ ಗಾಡಿಗೆ ಹೆಚ್ಚು ಬಿಡುವು ಬೇಕು. ‘ಬೆಳಿಗ್ಗೆ ಸರಿಯಿತ್ತು, ಈಗ ಕಿರುಚುತ್ತದೆ’ ಎನ್ನುವ ದೂರಿಗೆ ಅರ್ಧ ಉತ್ತರ ಇದೇ. ಎಣ್ಣೆಯ ಮಾತು ಬಂದದ್ದರಿಂದ: ಕೈಪಿಡಿ ಹೇಳಿದ ದರ್ಜೆಯನ್ನೇ ಹಾಕಿ. ಜಿಎಲ್-5 ಎಣ್ಣೆಯಲ್ಲಿನ ಗಂಧಕದ ಅಂಶ ಹಳೇ ಬಾಕ್ಸಿನ ಹಿತ್ತಾಳೆ, ಕಂಚಿನ ಬುಶ್‌ಗಳನ್ನು ತಿನ್ನಬಹುದು. ‘ಹೊಸದು, ಹಾಗಾಗಿ ಒಳ್ಳೆಯದು’ ಅನ್ನುವುದು ಇಲ್ಲಿ ನಡೆಯುವುದಿಲ್ಲ.

ನಿಂತಲ್ಲಿಂದ ಹೊರಡುವಾಗ ಕ್ಲಚ್ ತುಳಿದು ಮೂರು ನಾಲ್ಕು ಸೆಕೆಂಡು ತಡೆಯಿರಿ, ಒಳಗೆ ತಿರುಗುವುದು ನಿಲ್ಲಲಿ, ಆಮೇಲೆ ಗೇರ್. ಕೆಲವು ಭಾರದ ಲಾರಿಗಳಲ್ಲಿ ಪೆಡಲಿನ ಕೊನೆಯ ಅಂಗುಲದಲ್ಲಿ ಕ್ಲಚ್ ಬ್ರೇಕ್ ಇರುತ್ತದೆ. ಅದು ಈ ಕೆಲಸಕ್ಕೆ ಮಾತ್ರ. ಓಡುತ್ತಿರುವಾಗ ಪೆಡಲನ್ನು ನೆಲಕ್ಕೆ ಒತ್ತಿದರೆ ಅದು ಸವೆದು ಹೋಗುತ್ತದೆ, ಗೇರೂ ಕೂರುವುದಿಲ್ಲ. ಖಾಲಿ ಗಾಡಿ ಸಮತಟ್ಟಿನಲ್ಲಿದ್ದರೆ ಎರಡನೇ ಗೇರಿನಲ್ಲೇ ಎಬ್ಬಿಸಿ. ಮೊದಲನೆಯದು ಹೊರೆಗೆ ಮತ್ತು ಏರಿಗೆ.

ಎರಡು ಕಡ್ಡಿಯ ಗಾಡಿಗಳೂ ಇವೆ. 1953ರಿಂದ 1966ರವರೆಗೆ ಬಂದ ಅಮೆರಿಕದ ಮ್ಯಾಕ್ ಲಾರಿಗಳ ಬಿ ಸರಣಿಯ ಟ್ರಿಪ್ಲೆಕ್ಸ್ ಬಾಕ್ಸಿನಲ್ಲಿ ಐದು ಗೇರಿಗೆ ಮೂರು ಹಂತ, ಒಟ್ಟು ಹದಿನೈದು, ಕ್ವಾಡ್ರುಪ್ಲೆಕ್ಸಿನಲ್ಲಿ ಇಪ್ಪತ್ತು. ಸ್ಟೇರಿಂಗಿನ ಅರೆಗಳ ನಡುವೆ ಕೈ ತೂರಿಸಿ ಎರಡೂ ಕಡ್ಡಿ ಒಟ್ಟಿಗೆ ಆಡಿಸುವ ಕಸರತ್ತು ನೋಡಲು ಚಂದ. ಕಲಿಯುವವರು ಅದನ್ನು ನೋಡಿಕೊಂಡಿರಲಿ. ಮೊದಲ ತಿಂಗಳು ಒಂದು ಸಲಕ್ಕೆ ಒಂದೇ ಕಡ್ಡಿ. ಎರಡೂ ಒಟ್ಟಿಗೆ ನ್ಯೂಟ್ರಲ್‌ಗೆ ಬಂದುಬಿಟ್ಟರೆ ಯಾವ ವೇಗಕ್ಕೆ ಯಾವುದನ್ನು ಹೊಂದಿಸುವುದೆಂದೇ ತಿಳಿಯದೆ ಗಾಡಿ ನಿಲ್ಲಿಸಬೇಕಾಗುತ್ತದೆ.

ಕಿವಿಯನ್ನು ಏಮಾರಿಸುವ ಎಂಜಿನ್ ಒಂದಿದೆ: 1938ರಲ್ಲಿ ಬಂದ ಡೆಟ್ರಾಯ್ಟ್ ಡೀಸೆಲ್ 71 ಸರಣಿ. ಅದು ಟೂ ಸ್ಟ್ರೋಕ್. ಪ್ರತಿ ಸುತ್ತಿಗೂ ಪ್ರತಿ ಸಿಲಿಂಡರ್ ಸಿಡಿಯುತ್ತದೆ. 2,000 ಆರ್‌ಪಿಎಂನಲ್ಲಿ ಅದರ ಕೂಗು ಫೋರ್ ಸ್ಟ್ರೋಕಿನ 4,000ದಂತೆ ಕೇಳುತ್ತದೆ. ಮರುಕಪಟ್ಟು ಬೇಗ ಗೇರ್ ಏರಿಸಿದರೆ ಎಂಜಿನ್ ಬಲವಿಲ್ಲದೆ ಉಸಿರುಗಟ್ಟುತ್ತದೆ. ಅದನ್ನು ಕೂಗಿಸಿಯೇ ಓಡಿಸಬೇಕು.

ಏರು, ಇಳಿಜಾರು

ಏರಿಗೆ ಗೇರ್ ಇಳಿಸುವುದು ಎಂಜಿನ್ ಏದುಸಿರು ಬಿಡುವ ಮೊದಲು. ಕಡಿಮೆ ವೇಗದಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದು ಎಳೆಸಿದರೆ ಕಪ್ಪು ಹೊಗೆ ಬರುತ್ತದೆ, ಪಿಸ್ಟನ್ ತಲೆ ಕಾಯುತ್ತದೆ. ನೀರಿನ ಪಂಪೂ ಫ್ಯಾನೂ ನಿಧಾನವಾದ್ದರಿಂದ ತಂಪೂ ಸಿಗುವುದಿಲ್ಲ. ಒಂದು ಗೇರ್ ಕೆಳಗೆ, ಅರ್ಧ ಆಕ್ಸಿಲರೇಟರ್, ಹೆಚ್ಚು ಸುತ್ತು: ನೀರಿನ ಮುಳ್ಳು ತಾನಾಗಿ ಇಳಿಯುತ್ತದೆ. ಕುದಿದೇಬಿಟ್ಟರೆ ಗಾಡಿ ನಿಲ್ಲಿಸಿ, ಎಂಜಿನ್ ನಿಧಾನಗತಿಯಲ್ಲಿ ಓಡುತ್ತಿರಲಿ. ಮುಚ್ಚಳ ತಕ್ಷಣ ತೆಗೆಯಬೇಡಿ. ಖಾಲಿಯಾದ ಬಿಸಿ ಎಂಜಿನ್ನಿಗೆ ತಣ್ಣೀರು ಸುರಿದರೆ ಬ್ಲಾಕೋ ಹೆಡ್ಡೋ ಸೀಳುತ್ತದೆ.

ಏರಿನಲ್ಲಿ ಗಾಡಿ ಕೆಟ್ಟು ನಿಂತು, ಗೇರಿನಲ್ಲಿರುವಂತೆಯೇ ಹಿಂದಕ್ಕೆ ಉರುಳಿದರೆ ಹಳೇ ಡೀಸೆಲ್ ಎಂಜಿನ್ ತಿರುಗುಮುರುಗಾಗಿ ಹತ್ತಿಕೊಳ್ಳಬಹುದು. ಹೊಗೆ ಏರ್ ಕ್ಲೀನರಿನಿಂದ ಬರುತ್ತದೆ, ಎಣ್ಣೆಯ ಒತ್ತಡ ಸೊನ್ನೆ. ಆಗ ಬ್ರೇಕ್ ತುಳಿದು ಸ್ಟಾಪ್ ಗುಬ್ಬಿ ಎಳೆಯುವುದೊಂದೇ ದಾರಿ. ಬೆರಗಾಗಿ ನೋಡುತ್ತಾ ನಿಂತರೆ ಬೇರಿಂಗ್ ಸುಟ್ಟುಹೋಗುತ್ತದೆ.

ಇಳಿಜಾರಿನ ತೀರ್ಮಾನ ನೆತ್ತಿಯ ಮೇಲೇ ಆಗಬೇಕು. ಆ ದಿಬ್ಬವನ್ನು ಯಾವ ಗೇರಿನಲ್ಲಿ ಹತ್ತಬೇಕಾದೀತೋ ಅದರಲ್ಲೇ ಇಳಿಯುವುದು, ಅನುಮಾನವಿದ್ದರೆ ಇನ್ನೊಂದು ಕೆಳಗೆ. ಅರ್ಧ ಇಳಿದಮೇಲೆ ಗೇರ್ ಇಳಿಸಲು ಹೋಗಿ ತಪ್ಪಿದರೆ ಗಾಡಿ ನ್ಯೂಟ್ರಲ್‌ನಲ್ಲಿ ಓಡುತ್ತದೆ, ಪ್ರತಿ ಸೆಕೆಂಡಿಗೂ ಹೊಂದಿಸಬೇಕಾದ ವೇಗ ಮೇಲೇರುತ್ತಲೇ ಹೋಗುತ್ತದೆ. ಹಾಗಾದಾಗ ಗೇರಿನ ಜೊತೆ ಗುದ್ದಾಡದೆ, ಬ್ರೇಕ್ ಇನ್ನೂ ತಣ್ಣಗಿರುವಾಗಲೇ ಗಟ್ಟಿಯಾಗಿ ಹಿಡಿದು ಗಾಡಿಯನ್ನು ಪೂರ್ತಿ ನಿಲ್ಲಿಸಿ, ಕೆಳಗಿನ ಗೇರಿನಲ್ಲಿ ಹೊಸದಾಗಿ ಹೊರಡಿ. ಎರಡು ವೇಗದ ಹಿಂದಿನ ಆಕ್ಸಲ್ ಇದ್ದರೆ ಅದರ ಗುಂಡಿಯನ್ನೂ ನೆತ್ತಿಯಲ್ಲೇ ಒತ್ತಬೇಕು, ಇಳಿಯುವಾಗ ಮುಟ್ಟಬಾರದು.

ಎಂಜಿನ್ನಿನ ವೇಗ ಹಿಡಿದಿಡುವ ಗವರ್ನರ್ ಇದೆಯಲ್ಲ, ಎಂಜಿನ್ ಮಿತಿ ಮೀರುವುದಿಲ್ಲ ಎನ್ನುವ ನಂಬಿಕೆ ತಪ್ಪು. ಗವರ್ನರ್ ಡೀಸೆಲ್ ಕಡಿಯುತ್ತದೆ, ಅಷ್ಟೆ. ಇಳಿಜಾರಿನಲ್ಲಿ ಎಂಜಿನ್ ತಿರುಗಿಸುವುದು ಚಕ್ರ. ಮಿತಿ ಮೀರಿದರೆ ವಾಲ್ವ್ ತೇಲಿ ಪಿಸ್ಟನ್ನಿಗೆ ಬಡಿಯುತ್ತದೆ.

ಬ್ರೇಕನ್ನು ಉದ್ದಕ್ಕೂ ಹಗುರಾಗಿ ತುಳಿದುಕೊಂಡೇ ಇಳಿಯುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಡ್ರಮ್ ಕಾದಂತೆ ಹಿಗ್ಗಿ ಲೈನಿಂಗಿನಿಂದ ದೂರ ಸರಿಯುತ್ತದೆ, ಲೈನಿಂಗಿನ ಹಿಡಿತವೂ ಕುಗ್ಗುತ್ತದೆ. ಪೆಡಲ್ ಕೆಳಗೆ ಹೋಗುತ್ತಾ ಹೋಗುತ್ತದೆ. ಹೈಡ್ರಾಲಿಕ್ ಆದರೆ ಎಣ್ಣೆ ಕುದಿದು ಪೆಡಲ್ ಸ್ಪಂಜಾಗುತ್ತದೆ. ಬದಲಿಗೆ, ಇಟ್ಟುಕೊಂಡ ವೇಗದ ಮಿತಿ ಮುಟ್ಟಿದಾಗ ಗಟ್ಟಿಯಾಗಿ ತುಳಿದು ಎಂಟು ಹತ್ತು ಕಿ.ಮೀ. ಇಳಿಸಿ, ಪೂರ್ತಿ ಬಿಡಿ, ಮತ್ತೆ ಮಿತಿ ಮುಟ್ಟುವವರೆಗೆ ಎಂಜಿನ್ ಹಿಡಿಯಲಿ. ಗಾಳಿ ಬ್ರೇಕಿನಲ್ಲಿ ಪೆಡಲನ್ನು ಪಂಪಿನಂತೆ ಪದೇ ಪದೇ ತುಳಿಯಬೇಡಿ. ಪ್ರತಿ ತುಳಿತಕ್ಕೂ ಟ್ಯಾಂಕಿನ ಗಾಳಿ ಖರ್ಚಾಗುತ್ತದೆ. ತುಳಿದ ಮೇಲೆ ಗಾಳಿ ಚೇಂಬರ್ ತಲುಪಲು ಅರೆ ಸೆಕೆಂಡಾದರೂ ಬೇಕು ಎಂಬುದೂ ನೆನಪಿರಲಿ. ಮುಂದಿನ ಗಾಡಿಯಿಂದ ದೂರ ಇಟ್ಟುಕೊಳ್ಳುವುದು ಅದಕ್ಕೇ.

ಸ್ಟೇರಿಂಗ್

ಸ್ಟೇರಿಂಗ್ ಚಕ್ರ ದೊಡ್ಡದಿರುವುದು ಕಡಿಮೆ ಬಲದಲ್ಲಿ ತಿರುಗಿಸಲೆಂದು, ಆದರೂ ನಿಂತ ಗಾಡಿಯ ಸ್ಟೇರಿಂಗ್ ತಿರುಗಿಸಲು ಹೋಗಬೇಡಿ. ಗಾಡಿ ನಡೆಯುವ ವೇಗದಲ್ಲಿ ಉರುಳುತ್ತಿದ್ದರೂ ಸಾಕು, ತೂಕ ಅರ್ಧವಾಗುತ್ತದೆ. ಹೆಬ್ಬೆರಳುಗಳನ್ನು ಅರೆಗಳ ಒಳಗೆ ಸಿಕ್ಕಿಸದೆ ರಿಮ್ಮಿನ ಮೇಲೆ ಇಡಿ. ಮುಂದಿನ ಟೈರು ಕಲ್ಲಿಗೋ ಗುಂಡಿಗೋ ಬಡಿದಾಗ ಸ್ಟೇರಿಂಗ್ ಒದೆಯುವ ರಭಸಕ್ಕೆ ಹೆಬ್ಬೆರಳು ಮುರಿಯುತ್ತದೆ. ರಿಮ್ಮಿನ ಅಂಚಿನಲ್ಲಿ ಒಂದೆರಡು ಅಂಗುಲದಷ್ಟು ಆಟ ಇರುವುದು ಹಳೇ ಗಾಡಿಗೆ ಸಹಜ. ಅದನ್ನು ಬೆನ್ನಟ್ಟಿ ತಿದ್ದುತ್ತಾ ಕೂತರೆ ಗಾಡಿ ಹಾವಿನಂತೆ ಹೋಗುತ್ತದೆ. ದೂರ ನೋಡಿ, ಒಂದು ಕಡೆಗೆ ಹಗುರಾಗಿ ಒತ್ತಡ ಇಟ್ಟುಕೊಂಡು ಹಿಡಿಯಿರಿ. ಆಟ ಅದಕ್ಕಿಂತ ಹೆಚ್ಚಿದ್ದರೆ ಸ್ಟೇರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಡ್ರ್ಯಾಗ್ ಲಿಂಕಿನ ಬಾಲ್ ಜಾಯಿಂಟ್, ಮುಂದಿನ ಚಕ್ರ ಎಡಕ್ಕೂ ಬಲಕ್ಕೂ ಹೊರಳುವ ಕೀಲಾದ ಕಿಂಗ್ ಪಿನ್ ನೋಡಬೇಕು. ಕಿಂಗ್ ಪಿನ್ನಿಗೆ ಗ್ರೀಸ್ ಹೊಡೆಯುವಾಗ ಮುಂದಿನ ಆಕ್ಸಲನ್ನು ಜಾಕಿನಲ್ಲಿ ಎತ್ತಿರಬೇಕು. ಭಾರ ನೆಲದ ಮೇಲಿದ್ದರೆ ಗ್ರೀಸು ಒತ್ತಡ ಬೀಳುವ ಮುಖಕ್ಕೆ ಹೋಗದೆ ಸುಲಭದ ದಾರಿಯಲ್ಲಿ ಹೊರಬರುತ್ತದೆ. ನಿಪ್ಪಲಿನ ಸುತ್ತ ಗ್ರೀಸು ಕಂಡ ಮಾತ್ರಕ್ಕೆ ಒಳಗೆ ಹೋಗಿದೆ ಎಂದಲ್ಲ.

ನಿಲ್ಲಿಸುವಾಗ

ಏರು ಹತ್ತಿ ಬಂದ ಎಂಜಿನ್ನನ್ನು ಥಟ್ಟನೆ ಆರಿಸದೆ ಮೂರು ನಿಮಿಷ ನಿಧಾನಗತಿಯಲ್ಲಿ ಓಡಲು ಬಿಡಿ. ಸ್ಟಾಪ್ ಗುಬ್ಬಿ ಎಳೆದು ಎಳೆದಂತೆಯೇ ಇಡಿ. ಗೇರಿನಲ್ಲಿ ನಿಂತ ಗಾಡಿ ಸ್ವಲ್ಪ ಉರುಳಿದರೂ ಎಂಜಿನ್ ಹತ್ತಿಕೊಳ್ಳದಿರಲಿ. ಮುಖ ಏರಿನ ಕಡೆಗಿದ್ದರೆ ಮೊದಲ ಗೇರು, ಇಳಿಜಾರಿನ ಕಡೆಗಿದ್ದರೆ ರಿವರ್ಸ್, ಎರಡಕ್ಕೂ ಚಕ್ರಕ್ಕೆ ಅಡ್ಡ. ಗಾಳಿ ಟ್ಯಾಂಕಿನ ಕೆಳಗಿನ ನಲ್ಲಿ ತೆರೆದು ನೀರು ಬಿಡಿ. ನೀರಿನ ಜೊತೆ ಚಮಚೆಗಟ್ಟಲೆ ಎಣ್ಣೆ ಬಂದರೆ ಕಂಪ್ರೆಸರಿನ ರಿಂಗು ಸವೆದಿದೆ.

ಹಳೇ ಲಾರಿ ಸೋರದೆ ಇರುವುದಿಲ್ಲ. ರಾತ್ರಿ ಕೆಳಗೊಂದು ಅಗಲದ ರಟ್ಟು ಹಾಸಿಡಿ. ಬೆಳಿಗ್ಗೆ ಮುಂದುಗಡೆ ಕಪ್ಪು ಕಲೆಯಿದ್ದರೆ ಎಂಜಿನ್ ಎಣ್ಣೆ, ನಡುವೆ ದಪ್ಪಗೆ ಗಾಟು ನಾತದ್ದಿದ್ದರೆ ಗೇರ್ ಎಣ್ಣೆ. ಕಲೆಯ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ. ವಾರದಿಂದ ವಾರಕ್ಕೆ ಗೆರೆ ದಾಟದಿದ್ದರೆ ಓಡಿಸುತ್ತಿರಿ. ಚಕ್ರದ ಒಳಮಗ್ಗುಲಲ್ಲಿ ತೇವ ಕಂಡರೆ ಮಾತ್ರ ಅದಕ್ಕೆ ವಾರದ ಗಡುವಿಲ್ಲ: ಅದು ಹಬ್ಬಿನ ಸೀಲಿನಿಂದಲೋ ವೀಲ್ ಸಿಲಿಂಡರಿನಿಂದಲೋ ಬಂದದ್ದು, ಲೈನಿಂಗ್ ಈಗಾಗಲೇ ನೆನೆದಿರುತ್ತದೆ. ಆ ಡ್ರಮ್ ಬಿಚ್ಚದೆ ಗಾಡಿ ಎಬ್ಬಿಸಬೇಡಿ.